ಪಾರ್ಸೆಲ್ ವಿತರಣೆ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ

ಆನ್‌ಲೈನಿನಲ್ಲಿ ಕೊಂಡ ಅಥವಾ ಮಾರಿದ ವಸ್ತುವಿನ ಕಟ್ಟು ಕಳಿಸಿದವರಿಂದ ಹೊರಟು ಪಡೆಯುವವರ ಕೈಸೇರುವವರೆಗೆ ನಡೆಯುವ ಸಾಗಾಟ, ವಿಂಗಡಣೆ, ಹಂಚಿಕೆಗಳೆಲ್ಲ ಸೇರಿ ಪಾರ್ಸೆಲ್ ವಿತರಣೆ ಎನಿಸುತ್ತದೆ. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ತಪ್ಪುತ್ತದೆ, ತಪ್ಪಿದಾಗ ಕೊಂಡವರಿಗೂ ಮಾರಿದವರಿಗೂ ಯಾವ ದಾರಿ ಉಳಿಯುತ್ತದೆ ಎಂಬುದು ಇಲ್ಲಿನ ವಿಷಯ. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ. ದೂರವನ್ನು ಒಂದೇ ರಾತ್ರಿಯಲ್ಲಿ ದಾಟಿ ಬಂದ ಕಟ್ಟು ಪೇಟೆಯಿಂದ ಕೆಲವೇ ಕಿಲೋಮೀಟರ್ ಆಚೆಯ ತೋಟದ ಮನೆಗೆ ಮುಟ್ಟಲಾಗದೆ ಹಿಂದಿರುಗುವುದು ಈ ಭಾಗದಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರು. ಇದಕ್ಕೆ ಒಬ್ಬಿಬ್ಬರ ಸೋಮಾರಿತನ ಕಾರಣವೆಂದು ಹೇಳಿ ಮುಗಿಸುವಂತಿಲ್ಲ. ಬೀದಿ, ಮನೆ ನಂಬರುಗಳಿರುವ ಊರಿಗೆಂದು ಹೊಲಿದ ವ್ಯವಸ್ಥೆಯನ್ನು ಬೀದಿಯೇ ಇಲ್ಲದ ಊರಿನ ಮೇಲೆ ಹಾಗೆಯೇ ಹೇರಿದ್ದು ಮೂಲ ಕಾರಣ.

ನೆಲ ಮತ್ತು ಹಾದಿ

ಬಂಟ್ವಾಳ ತಾಲೂಕಿನ ವ್ಯವಹಾರವೆಲ್ಲ ಹೆಚ್ಚಾಗಿ ಬಿ.ಸಿ.ರೋಡಿನಲ್ಲಿ ನಡೆಯುತ್ತದೆ. ಮಂಗಳೂರಿನಿಂದ 25 ಕಿ.ಮೀ. ದೂರದ ಈ ಕೂಡುರಸ್ತೆಯಲ್ಲಿ ಹಾದಿ ಎರಡಾಗುತ್ತದೆ. ರಾಷ್ಟ್ರೀಯ ಹೆದ್ದಾರಿ 75 ಕಲ್ಲಡ್ಕ, ಮಾಣಿ, ಉಪ್ಪಿನಂಗಡಿಗಳ ಮೂಲಕ ಶಿರಾಡಿ ಘಾಟಿ ಏರಿ ಬೆಂಗಳೂರಿನತ್ತ ಹೋಗುತ್ತದೆ. ರಾಷ್ಟ್ರೀಯ ಹೆದ್ದಾರಿ 73 ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆಗಳನ್ನು ಹಾದು ಚಾರ್ಮಾಡಿ ಘಾಟಿಯಲ್ಲಿ ಮೂಡಿಗೆರೆಯ ಕಡೆಗೆ ಏರುತ್ತದೆ. ಮೂಡುಬಿದಿರೆ ಇರುವುದು ಮಂಗಳೂರು–ಕಾರ್ಕಳ ದಾರಿಯಲ್ಲಿ, ರಾಷ್ಟ್ರೀಯ ಹೆದ್ದಾರಿ 169ರಲ್ಲಿ. ಮೊದಲು ಮಂಗಳೂರು ತಾಲೂಕಿನ ಭಾಗವಾಗಿದ್ದ ಅದು ಈಚೆಗೆ ಪ್ರತ್ಯೇಕ ತಾಲೂಕಾಯಿತು. ಹೀಗಾಗಿ ಹಳೆಯ ವಿಳಾಸಗಳಲ್ಲಿ ಈಗಲೂ 'ಮಂಗಳೂರು ತಾಲೂಕು' ಎಂದೇ ಇರುತ್ತದೆ.

ಘಾಟಿ ಮುಚ್ಚಿದರೆ ಪಾರ್ಸೆಲ್ಲೂ ನಿಲ್ಲುತ್ತದೆ. 2018ರ ಜನವರಿಯಿಂದ ಜುಲೈವರೆಗೆ ಕಾಂಕ್ರೀಟ್ ಕಾಮಗಾರಿಗಾಗಿ ಶಿರಾಡಿ ಘಾಟಿಯನ್ನು ಮುಚ್ಚಲಾಗಿತ್ತು. ತೆರೆದು ತಿಂಗಳಾಗುವಷ್ಟರಲ್ಲಿ, ಆಗಸ್ಟ್ ತಿಂಗಳ ಭೂಕುಸಿತದಿಂದ ಅದು ಮತ್ತೆ ಮುಚ್ಚಿತು. ಅದೇ ಹೊತ್ತಿಗೆ ಮಡಿಕೇರಿ–ಸಂಪಾಜೆ ರಸ್ತೆಯೂ ಕಡಿದುಹೋಗಿತ್ತು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ. ಆ ಮಳೆಯಲ್ಲಿ ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದ ಹಳ್ಳಿಗಳಲ್ಲಿ ಸೇತುವೆಗಳೂ ಕಾಲುಸಂಕಗಳೂ ಕೊಚ್ಚಿಹೋದವು. 2024ರ ಜುಲೈಯಲ್ಲಿ ಶಿರಾಡಿಯ ರಸ್ತೆಯ ಜೊತೆಗೆ ಎಡಕುಮೇರಿ ಬಳಿ ಹಳಿಯ ಕೆಳಗಿನ ಮಣ್ಣು ಕುಸಿದು ಬೆಂಗಳೂರು–ಮಂಗಳೂರು ರೈಲೂ ನಿಂತಿತು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 'ಇಂಥ ದಿನ ತಲಪುತ್ತದೆ' ಎಂದು ಮೊಬೈಲಿನಲ್ಲಿ ಕಾಣುವ ದಿನಾಂಕವನ್ನು ಅಂದಾಜೆಂದೇ ಓದಿಕೊಳ್ಳಬೇಕು. ಬಿ.ಸಿ.ರೋಡಿನಿಂದ ಮುಂದಿನ ಚತುಷ್ಪಥ ಕಾಮಗಾರಿ ವರ್ಷಗಟ್ಟಲೆ ಎಳೆದು, ಕಲ್ಲಡ್ಕದಲ್ಲಿ ಮಳೆಗಾಲದ ಕೆಸರು, ಬೇಸಿಗೆಯ ಧೂಳು ಎರಡನ್ನೂ ವಾಹನದವರು ಅನುಭವಿಸಿದರು. 2025ರಲ್ಲಿ ಮೇಲ್ಸೇತುವೆ ತೆರೆದ ಮೇಲೆ ಆ ಕಷ್ಟ ಇಳಿಯಿತು.

ಹಿಂದಿನ ರೂಢಿ

ದೂರದ ಸರಕನ್ನು ಒಳನಾಡಿಗೆ ಮುಟ್ಟಿಸುವುದು ಬಂಟ್ವಾಳಕ್ಕೆ ಹೊಸ ಉದ್ಯೋಗವೇನಲ್ಲ. ರಸ್ತೆ ಬರುವ ಮೊದಲು ಘಟ್ಟದಿಂದ ಇಳಿದ ಕಾಫಿ ಮೊದಲಾದ ಸರಕು ಬಂಟ್ವಾಳ, ಪಾಣೆಮಂಗಳೂರುಗಳಲ್ಲಿ ದೋಣಿ ಏರಿ ನೇತ್ರಾವತಿಯ ಮೇಲೆ ಮಂಗಳೂರಿನ ಬಂದರು ಸೇರುತ್ತಿತ್ತು. ಉಪ್ಪು, ಒಣಮೀನು ಅದೇ ದಾರಿಯಲ್ಲಿ ಮೇಲಕ್ಕೆ ಹೋಗುತ್ತಿದ್ದವು. 1923 ಮತ್ತು 1974ರ ನೆರೆಗಳು ಇಂದಿಗೂ ಹಿರಿಯರ ಮಾತಿನಲ್ಲಿ ಬರುವುದು ಈ ನದಿಯಂಚಿನ ಪೇಟೆಯ ನೆನಪಿನಿಂದಲೇ.

ಮನೆಬಾಗಿಲಿಗೆ ಕಟ್ಟು ತರಿಸಿ ಅಲ್ಲೇ ಹಣ ಕೊಡುವ ಪದ್ಧತಿಗೂ ವಯಸ್ಸಾಗಿದೆ. ಅಂಚೆ ಇಲಾಖೆಯ ವಿ.ಪಿ. (ವ್ಯಾಲ್ಯೂ ಪೇಯೆಬಲ್) ಸೇವೆ ಭಾರತದಲ್ಲಿ 1877ರಲ್ಲಿ ಆರಂಭವಾಯಿತು. ಪುಸ್ತಕ, ಆಯುರ್ವೇದದ ಔಷಧ, ತರಕಾರಿ ಬೀಜ, ಗಡಿಯಾರ ಎಲ್ಲವೂ ವಿ.ಪಿ.ಯಲ್ಲಿ ಬರುತ್ತಿದ್ದವು. ಹಣ ಕೊಟ್ಟು ಬಿಡಿಸಿಕೊಳ್ಳದ ಕಟ್ಟು ಕಳಿಸಿದವರಿಗೇ ಮರಳುತ್ತಿತ್ತು. 'ವಿ.ಪಿ. ವಾಪಸ್' ಪುಸ್ತಕ ಪ್ರಕಾಶಕರ ಹಳೆಯ ಸಂಕಟ. ಇಂದಿನ 'ಕ್ಯಾಶ್ ಆನ್ ಡೆಲಿವರಿ'ಯ ನಷ್ಟಗಳೆಲ್ಲ ಅದರಲ್ಲಿ ಆಗಲೇ ಇದ್ದವು. 1986ರ ಆಗಸ್ಟ್ 1ರಂದು ಸ್ಪೀಡ್ ಪೋಸ್ಟ್ ಬಂತು. ಆ ದಶಕದಲ್ಲೇ ಖಾಸಗಿ ಕೊರಿಯರ್ ಕಂಪನಿಗಳು ತಲೆಯೆತ್ತಿದವು. ಬೆಂಗಳೂರಿನ ಡಿಟಿಡಿಸಿ ಹುಟ್ಟಿದ್ದು 1990ರಲ್ಲಿ. ಗದಗಿನಲ್ಲಿ 1976ರಲ್ಲಿ ಒಂದು ಲಾರಿಯಿಂದ ವಿಜಯ ಸಂಕೇಶ್ವರರು ಆರಂಭಿಸಿದ ವಿಆರ್‌ಎಲ್ ಸಾಗಾಟದಲ್ಲಿ ರಾಜ್ಯದ ದೊಡ್ಡ ಹೆಸರಾಯಿತು.

ಆದರೆ ಕರಾವಳಿಯ ನಿಜವಾದ ಕೊರಿಯರ್ ಖಾಸಗಿ ಬಸ್ಸು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಕಂಡಕ್ಟರ್ ಕೈಗೆ ಒಂದು ಕಟ್ಟು ಕೊಟ್ಟು, ಊರಿನ ಅಂಗಡಿಯ ಹೆಸರು ಹೇಳಿದರೆ ಸಾಕಿತ್ತು. ಬಸ್ಸು ಅಂಗಡಿಯ ಮುಂದೆ ಒಂದು ಗಳಿಗೆ ನಿಲ್ಲುತ್ತಿತ್ತು, ಕಟ್ಟು ಇಳಿಯುತ್ತಿತ್ತು, ಸಂಜೆಯೊಳಗೆ ಮನೆಯವರು ಬಂದು ಒಯ್ಯುತ್ತಿದ್ದರು. ಮುಂಬೈಯಲ್ಲಿ ಹೋಟೆಲು, ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ತುಳುನಾಡಿನವರ ಬಟ್ಟೆಬರೆ, ಮದ್ದು ಇದೇ ರೀತಿ 'ಬೊಂಬಾಯಿ ಬಸ್ಸಿ'ನಲ್ಲಿ ಊರಿಗೆ ಬಂದರೆ, ಊರಿನ ಹಪ್ಪಳ, ಕುಚ್ಚಲಕ್ಕಿ, ಉಪ್ಪಿನಕಾಯಿ ಅತ್ತ ಹೋಗುತ್ತಿದ್ದವು. ರಶೀದಿಯಿಲ್ಲ, ಟ್ರ್ಯಾಕಿಂಗ್ ಇಲ್ಲ. ಕಟ್ಟು ಯಾರ ಕೈಯಲ್ಲಿದೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿರುತ್ತಿತ್ತು. ಸರಕಾರಿ ಬಸ್ಸುಗಳು ಈ ಕೆಲಸವನ್ನು 2021ರ ಫೆಬ್ರವರಿಯಲ್ಲಿ 'ನಮ್ಮ ಕಾರ್ಗೋ' ಹೆಸರಿನಲ್ಲಿ ವ್ಯವಸ್ಥಿತವಾಗಿ ಆರಂಭಿಸಿದವು. ಅದರ ಕಟ್ಟನ್ನು ನಿಲ್ದಾಣಕ್ಕೆ ಹೋಗಿ ಬಿಡಿಸಿಕೊಳ್ಳಬೇಕು.

ಆನ್‌ಲೈನ್ ಅಂಗಡಿಗಳು ಬಂದದ್ದು ಇದರ ಮೇಲೆ. ಬೆಂಗಳೂರಿನಲ್ಲಿ 2007ರಲ್ಲಿ ಆರಂಭವಾದ ಫ್ಲಿಪ್‌ಕಾರ್ಟ್ 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ತಂದಿತು. ಅಮೆಜಾನಿನ ಭಾರತದ ತಾಣ 2013ರ ಜೂನ್‌ನಲ್ಲಿ ತೆರೆಯಿತು. 2015ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮೀಶೋ ಕಡಿಮೆ ಬೆಲೆಯ ಬಟ್ಟೆ, ಪಾತ್ರೆಗಳನ್ನು ಸಣ್ಣ ಊರುಗಳ ಮನೆಮನೆಗೆ ಒಯ್ದಿತು. 2020ರ ಲಾಕ್‌ಡೌನಿನ ಮೇಲೆ ಹಳ್ಳಿಯ ಹಿರಿಯರೂ ಮೊಮ್ಮಕ್ಕಳ ಕೈಯಲ್ಲಿ ಆರ್ಡರ್ ಮಾಡಿಸುವುದು ಅಭ್ಯಾಸವಾಯಿತು.

ವಿಳಾಸ

ಬಯಲುಸೀಮೆಯ ಹಳ್ಳಿಯಲ್ಲಿ ಮನೆಗಳು ಒತ್ತಾಗಿವೆ. ಊರ ಬಾಗಿಲಲ್ಲಿ ನಿಂತು ಹೆಸರು ಕೇಳಿದರೆ ಮನೆ ಸಿಗುತ್ತದೆ. ಇಲ್ಲಿ ಹಾಗಲ್ಲ. ಒಂದು ಗ್ರಾಮವೆಂದರೆ ಗುಡ್ಡ, ಬೈಲು, ತೋಡು, ಅಡಿಕೆ ತೋಟ, ರಬ್ಬರ್ ತೋಟಗಳ ನಡುವೆ ಚದುರಿದ ಒಂಟಿ ಮನೆಗಳ ಗುಂಪು. ವಿಳಾಸವೂ ಅದಕ್ಕೆ ತಕ್ಕಂತೆ ಇರುತ್ತದೆ: ಮನೆಯ ಯಜಮಾನರ ಹೆಸರು, ಮನೆಯ ಹೆಸರು, ಗ್ರಾಮ, ಅಂಚೆ, ತಾಲೂಕು, ದ.ಕ. ಬೀದಿಯಿಲ್ಲ, ಕ್ರಾಸಿಲ್ಲ. ಗ್ರಾಮ ಪಂಚಾಯತ್ ಕೊಟ್ಟ ಮನೆ ನಂಬರು ತೆರಿಗೆಯ ರಶೀದಿಗೆ ಬೇಕಾಗುತ್ತದೆಯೇ ಹೊರತು ದಾರಿ ಹುಡುಕಲು ಒದಗುವುದಿಲ್ಲ, ಏಕೆಂದರೆ ಅನುಕ್ರಮದ ಮುಂದಿನ ಮನೆ ಗುಡ್ಡದ ಆಚೆಗಿರಬಹುದು. ಕೋಡಿ, ಬೈಲು, ಪಡ್ಪು, ಮಜಲು, ಬೆಟ್ಟು ಎಂದು ಮುಗಿಯುವ ಮನೆಹೆಸರುಗಳು ಪ್ರತಿ ಗ್ರಾಮದಲ್ಲೂ ಸಿಗುತ್ತವೆ. 'ಕೈಕಂಬ' ಬಿ.ಸಿ.ರೋಡಿನ ಬಳಿಯೂ ಇದೆ, ಗುರುಪುರದ ಬಳಿಯೂ ಇದೆ. ಎರಡಕ್ಕೂ ಮಂಗಳೂರು ಎಂದೇ ಬರೆದು ಪಿನ್ ತಪ್ಪಿಸಿದರೆ ಕಟ್ಟು ಎತ್ತ ಹೋಗುವುದೋ ಹೇಳಲಾಗದು. ಮೂಡುಬಿದಿರೆಯನ್ನು ಇಂಗ್ಲಿಷಿನಲ್ಲಿ ಬರೆಯುವ ಬಗೆಗಳೇ ನಾಲ್ಕೈದು. ವಿಂಗಡಿಸುವ ಯಂತ್ರ ಆದ್ದರಿಂದ ಹೆಸರನ್ನು ನಂಬದೆ ಪಿನ್ ಸಂಖ್ಯೆಯನ್ನೇ ನಂಬುತ್ತದೆ.

ಪಿನ್ ಪದ್ಧತಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು, ಶ್ರೀರಾಮ ಭಿಕಾಜಿ ವೇಲಣಕರ ಅವರ ಯೋಜನೆಯಂತೆ. ಬಂಟ್ವಾಳಕ್ಕೆ 574211, ಬಿ.ಸಿ.ರೋಡಿನ ಜೋಡುಮಾರ್ಗಕ್ಕೆ 574219, ವಿಟ್ಲಕ್ಕೆ 574243, ಬೆಳ್ತಂಗಡಿಗೆ 574214, ಉಜಿರೆಗೆ 574240, ಧರ್ಮಸ್ಥಳಕ್ಕೆ 574216, ವೇಣೂರಿಗೆ 574242, ಮೂಡುಬಿದಿರೆಗೆ 574227. ಈ ಸಂಖ್ಯೆಗಳು ಅಂಚೆ ಕಚೇರಿಗಳ ವ್ಯಾಪ್ತಿಯನ್ನು ಹೇಳುತ್ತವೆ, ದಾರಿಯನ್ನು ಹೇಳುವುದಿಲ್ಲ. ಒಂದೇ ಪಿನ್‌ನ ಒಳಗೆ ಪೇಟೆಯ ಫ್ಲಾಟೂ ಇರುತ್ತದೆ, ಜೀಪು ಮಾತ್ರ ಹೋಗಬಲ್ಲ ಗುಡ್ಡದ ಮನೆಯೂ ಇರುತ್ತದೆ. ಕೊರಿಯರ್ ಕಂಪನಿಯ ಪಟ್ಟಿಯಲ್ಲಿ 'ಈ ಪಿನ್‌ಗೆ ಸೇವೆ ಇದೆ' ಎಂದು ಕಂಡರೆ ಗ್ರಾಹಕ ತನ್ನ ಮನೆಗೇ ಸೇವೆ ಇದೆ ಎಂದು ನಂಬುತ್ತಾನೆ. ತಪ್ಪಿದ ವಿತರಣೆಗಳ ದೊಡ್ಡ ಪಾಲು ಹುಟ್ಟುವುದು ಈ ಅಂತರದಲ್ಲಿ. ಗಡಿಯ ಊರುಗಳಲ್ಲಿ ಇನ್ನೊಂದು ತೊಡಕು. ಬಂಟ್ವಾಳ ತಾಲೂಕಿನ ಅಡ್ಯನಡ್ಕಕ್ಕೂ ಕಾಸರಗೋಡು ಜಿಲ್ಲೆಯ ಪೆರ್ಲಕ್ಕೂ ನಂಟಸ್ತಿಕೆ, ವ್ಯಾಪಾರ ಎಲ್ಲ ಇದೆ. ಆದರೆ ಪೆರ್ಲದ ಪಿನ್ 671ರಿಂದ ಶುರುವಾಗುತ್ತದೆ. ಅಲ್ಲಿನ ಕನ್ನಡಿಗರ ಮನೆಗೆ ಬರುವ ಕಟ್ಟು ಕೇರಳದ ದಾರಿ ಹಿಡಿದು ಬರಬೇಕು.

ಪೇಟೆಯ ಹುಡುಗನೊಬ್ಬ ಬೆಳಿಗ್ಗೆ ಕಟ್ಟುಗಳ ಚೀಲವನ್ನು ಬೈಕಿಗೇರಿಸಿ ಹೊರಟು, ಡಾಮರು ರಸ್ತೆ ಮುಗಿದಲ್ಲಿ ನಿಂತು ಫೋನ್ ಮಾಡುತ್ತಾನೆ: "ಈರೆಗೊಂಜಿ ಪಾರ್ಸೆಲ್ ಉಂಡು, ಇಲ್ಲ್ ಓಳು?" (ನಿಮಗೊಂದು ಪಾರ್ಸೆಲ್ ಇದೆ, ಮನೆ ಎಲ್ಲಿ?) ಉತ್ತರ ಹೀಗಿರುತ್ತದೆ: ಭಜನಾ ಮಂದಿರ ದಾಟಿ, ಹಾಲಿನ ಡೈರಿಯ ಎದುರಿನ ಮಣ್ಣುರಸ್ತೆಯಲ್ಲಿ ಇಳಿದು, ಸಂಕ ಕಳೆದ ಮೇಲೆ ಎಡಕ್ಕೆ ಎರಡನೇ ಗೇಟು. ಊರಿನ ಹುಡುಗನಾದರೆ ಇಷ್ಟು ಸಾಕು. ತಿಂಗಳ ಹಿಂದೆ ಕೆಲಸಕ್ಕೆ ಸೇರಿದ ಹೊರಗಿನವನಿಗೆ ಇದು ಏನೂ ಹೇಳುವುದಿಲ್ಲ. ಹಾಗೆಂದು ಎಲ್ಲ ಕಡೆ ಫೋನ್ ಹೋಗುವುದೂ ಇಲ್ಲ. ಬೆಳ್ತಂಗಡಿ ತಾಲೂಕಿನಲ್ಲಿ ಘಟ್ಟಕ್ಕೆ ತಾಗಿದ ಮಲವಂತಿಗೆ, ದಿಡುಪೆ, ಕುತ್ಲೂರು, ಶಿಶಿಲದಂಥ ಕಡೆಗಳಲ್ಲಿ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕಾದ ಮನೆಗಳಿವೆ. 'ಗ್ರಾಹಕ ಫೋನಿಗೆ ಸಿಗಲಿಲ್ಲ' ಎಂಬ ಕಾರಣ ಅಲ್ಲಿ ಬಹುಮಟ್ಟಿಗೆ ನಿಜ, ಆದರೆ ತಪ್ಪು ಗ್ರಾಹಕನದಲ್ಲ.

ಓಟಿಪಿಯ ತೊಡಕು ಇನ್ನೂ ಬೇರೆ. ಮಗ ಬೆಂಗಳೂರಿನಲ್ಲೋ ದುಬೈಯಲ್ಲೋ ಕುಳಿತು ಕನ್ಯಾನದ ತಾಯಿಗೆ ಮಿಕ್ಸಿ ಕಳಿಸುತ್ತಾನೆ. ಕಟ್ಟು ಅಂಗಳದಲ್ಲಿರುತ್ತದೆ, ಓಟಿಪಿ ಮಗನ ಫೋನಿನಲ್ಲಿರುತ್ತದೆ, ಮಗ ಕೆಲಸದ ನಡುವೆ ಫೋನ್ ಎತ್ತುವುದಿಲ್ಲ. ಊರು ಬಿಟ್ಟು ದುಡಿಯುವವರು ಇಷ್ಟೊಂದು ಇರುವ ಸೀಮೆಯಲ್ಲಿ ಕೊಂಡವನೂ ಪಡೆಯುವವನೂ ಒಬ್ಬನೇ ಎಂದು ಭಾವಿಸಿ ಮಾಡಿದ ವ್ಯವಸ್ಥೆ ಹೊಂದುವುದಿಲ್ಲ.

ಅಂಚೆ ಇಲಾಖೆ 2025ರ ಮೇ 27ರಂದು ಬಿಡುಗಡೆ ಮಾಡಿದ ಡಿಜಿಪಿನ್ ಈ ಊರುಗಳಿಗೆಂದೇ ಮಾಡಿದಂತಿದೆ. ಹೈದರಾಬಾದಿನ ಐಐಟಿ ಮತ್ತು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಜೊತೆ ರೂಪಿಸಿದ ಈ ಪದ್ಧತಿ ಇಡೀ ದೇಶವನ್ನು ಸುಮಾರು 4 ಮೀಟರ್ ಉದ್ದ, 4 ಮೀಟರ್ ಅಗಲದ ಚೌಕಗಳಾಗಿ ಭಾಗಿಸಿ, ಪ್ರತಿ ಚೌಕಕ್ಕೂ 10 ಅಕ್ಷರ-ಅಂಕಿಗಳ ಗುರುತು ಕೊಡುತ್ತದೆ. ತೋಟದ ನಡುವಿನ ಮನೆಗೂ ಇದರಿಂದ ತನ್ನದೇ ಗುರುತು ಸಿಗುತ್ತದೆ. ಮಾರಾಟ ತಾಣಗಳೂ ಕೊರಿಯರ್ ಕಂಪನಿಗಳೂ ವಿಳಾಸದ ಕಾಲಂನಲ್ಲಿ ಅದನ್ನು ಕೇಳತೊಡಗಿದಾಗ ಮಾತ್ರ ಪ್ರಯೋಜನ ಕೈಗೆ ಬಂದೀತು.

ತಪ್ಪುವ ಬಗೆ

ಪಾರ್ಸೆಲ್ ಕಳೆದುಹೋಗುವುದಕ್ಕಿಂತ ಹಿಂದಿರುಗುವುದೇ ಹೆಚ್ಚು. ಬೆಳಿಗ್ಗೆ ಕಟ್ಟು 'ಔಟ್ ಫಾರ್ ಡೆಲಿವರಿ' ಎಂದು ಕಾಣಿಸುತ್ತದೆ. ಸಂಜೆಗೆ 'ಬಾಗಿಲು ಹಾಕಿತ್ತು', 'ವಿಳಾಸ ಸಿಗಲಿಲ್ಲ', 'ಗ್ರಾಹಕರೇ ಮುಂದೂಡಿದರು' ಎಂಬ ಮೂರರಲ್ಲೊಂದು ದಾಖಲಾಗುತ್ತದೆ. ಸಾಮಾನ್ಯವಾಗಿ ಮೂರು ಸಲ ಹೀಗಾದರೆ ಕಟ್ಟು ಕಳಿಸಿದವರ ಕಡೆಗೆ ತಿರುಗುತ್ತದೆ. ಕೊರಿಯರಿನವರ ಮಾತಿನಲ್ಲಿ ಅದು 'ರಿಟರ್ನ್ ಟು ಒರಿಜಿನ್', ಅಂದರೆ 'ಆರ್‌ಟಿಒ' ಆಯಿತು.

ಇದರಲ್ಲಿ ಅತ್ಯಂತ ಕೆಟ್ಟದ್ದು ಹೋಗದೆಯೇ ಹೋದೆನೆಂದು ಬರೆಯುವ ಸುಳ್ಳು ದಾಖಲೆ. ಇಡೀ ದಿನ ಮನೆಯವರು ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರೂ 'ಬಾಗಿಲು ಹಾಕಿತ್ತು' ಎಂಬ ಸಂದೇಶ ಬರುತ್ತದೆ. ಇದಕ್ಕೆ ಕಾರಣ ಲೆಕ್ಕದಲ್ಲಿದೆ. ಕೊನೆಯ ಹಂತದ ವಿತರಣೆಯನ್ನು ಕಂಪನಿಗಳು ಬಹುಪಾಲು ಫ್ರಾಂಚೈಸಿಗೋ ಗುತ್ತಿಗೆಗೋ ಕೊಡುತ್ತವೆ, ಹುಡುಗರಿಗೆ ಕಟ್ಟಿನ ಲೆಕ್ಕದಲ್ಲಿ ಹಣ. ಮೂಡುಬಿದಿರೆ ಪೇಟೆಯಲ್ಲಿ ಒಂದು ಫ್ಲಾಟಿನ ಕಟ್ಟಡದಲ್ಲೇ ನಾಲ್ಕು ಕಟ್ಟು ಮುಗಿಯುತ್ತವೆ. ಶಿರ್ತಾಡಿಯಿಂದ ಒಳಗಿನ ಒಂದು ಮನೆಗೆ ಹೋಗಿಬರುವ ಪೆಟ್ರೋಲಿಗೆ ಆ ಒಂದು ಕಟ್ಟಿನ ಹಣ ಸಾಲದು. ಆದ್ದರಿಂದ ಅತ್ತ ಕಡೆಯ ಕಟ್ಟುಗಳು ನಾಲ್ಕಾರು ಕೂಡುವವರೆಗೆ ಅಂಗಡಿಯಲ್ಲೇ ಇರುತ್ತವೆ. ಆದರೆ ಕಂಪನಿಯ ಯಂತ್ರ ದಿನವೂ ಒಂದು ಕಾರಣ ಕೇಳುತ್ತದೆ. ಆ ಕಾರಣದ ಪಟ್ಟಿಯಲ್ಲಿ 'ಇವತ್ತು ಆ ದಾರಿಗೆ ಹೋಗಿಲ್ಲ' ಎಂಬ ನಿಜವಾದ ಕಾರಣಕ್ಕೆ ಜಾಗವಿರುವುದಿಲ್ಲ. ಯಂತ್ರಕ್ಕೆ ಬೇಕಾದ ಸುಳ್ಳನ್ನು ಹುಡುಗ ಒತ್ತುತ್ತಾನೆ. ವಾರಕ್ಕೆ ಎರಡು ದಿನ ಮಾತ್ರ ಈ ದಾರಿಗೆ ಬರುತ್ತೇವೆ ಎಂದು ಮೊದಲೇ ಹೇಳುವ ಕಂಪನಿಯನ್ನು ಹಳ್ಳಿಯವರು ಖಂಡಿತ ಒಪ್ಪುತ್ತಾರೆ. ಮೀನಿನವರೂ ಸಂಚಾರಿ ಬ್ಯಾಂಕೂ ವಾರದ ಸಂತೆಯೂ ದಿನ ಗೊತ್ತು ಮಾಡಿಯೇ ಬರುತ್ತವೆ.

ಇನ್ನೊಂದು ಬಗೆ 'ಡೆಲಿವರ್ಡ್' ಎಂದು ಕಂಡೂ ಕೈಸೇರದ್ದು. ಕಟ್ಟನ್ನು ರಿಕ್ಷಾ ಪಾರ್ಕಿನಲ್ಲೋ ಮುಖ್ಯರಸ್ತೆಯ ಅಂಗಡಿಯಲ್ಲೋ ಬಿಟ್ಟುಹೋಗಿರುತ್ತಾರೆ. ಊರಿನ ನಂಬಿಕೆಯಿಂದ ನಡೆಯುವ ಈ ರೂಢಿ ಹೆಚ್ಚಾಗಿ ಸರಿಯಾಗಿಯೇ ಮುಗಿಯುತ್ತದೆ, ಅಂಗಡಿಯವರು ಹಣ ಕೇಳದೆ ಕಟ್ಟು ಕಾಯುತ್ತಾರೆ. ಆದರೆ ಒಂದು ಕಟ್ಟು ಕಾಣೆಯಾದರೆ ಹೊಣೆ ಯಾರದೂ ಅಲ್ಲದಂತಾಗುತ್ತದೆ. ಗ್ರಾಹಕ ಒಪ್ಪಿ ಹೇಳದ ಹೊರತು ಬೇರೆಯವರ ಕೈಗೆ ಕೊಟ್ಟದ್ದನ್ನು ವಿತರಣೆ ಎಂದು ಬರೆಯುವುದು ಸರಿಯಲ್ಲ. ಸಾವಿರಾರು ವಿದ್ಯಾರ್ಥಿಗಳು ಹಾಸ್ಟೆಲುಗಳಲ್ಲಿರುವ ಮೂಡುಬಿದಿರೆ, ಉಜಿರೆಗಳಲ್ಲಿ ಕಟ್ಟುಗಳು ಸಂಸ್ಥೆಯ ಗೇಟಿನವರೆಗೆ ಮಾತ್ರ ಬರುತ್ತವೆ. ರಜೆಗೆ ಊರಿಗೆ ಹೋಗುವ ಮುಂಚಿನ ವಾರದ ಆರ್ಡರುಗಳು ಹೆಚ್ಚಾಗಿ ಹಿಂದಿರುಗುತ್ತವೆ.

ಅಂಚೆಯ ರೀತಿ ಬೇರೆ. ದೇಶದ ಸುಮಾರು 1.65 ಲಕ್ಷ ಅಂಚೆ ಕಚೇರಿಗಳಲ್ಲಿ ಹತ್ತಿರ ಹತ್ತಿರ ಶೇ. 90 ಹಳ್ಳಿಗಳಲ್ಲಿವೆ. ಶಾಖಾ ಅಂಚೆ ಕಚೇರಿ ತೆರೆದಿರುವುದು ದಿನಕ್ಕೆ ನಾಲ್ಕೈದು ಗಂಟೆ, ಬಹಳ ಕಡೆ ಪೋಸ್ಟ್ ಮಾಸ್ಟರರ ಮನೆಯ ಜಗಲಿಯಲ್ಲೋ ಬಾಡಿಗೆಯ ಕೋಣೆಯಲ್ಲೋ. ಗ್ರಾಮೀಣ ಡಾಕ್ ಸೇವಕರಿಗೆ ಮನೆಯ ಹೆಸರು ಮಾತ್ರವಲ್ಲ, ಆ ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಇರುತ್ತಾರೆ ಎಂಬುದೂ ಗೊತ್ತು. ವೇಗದಲ್ಲಿ ಅಂಚೆ ಒಂದೆರಡು ದಿನ ಹಿಂದೆ ಬೀಳಬಹುದು, ಆದರೆ ಒಳನಾಡಿನ ಮನೆಗೆ ಅದರಷ್ಟು ಭರವಸೆಯ ದಾರಿ ಈಗಲೂ ಇನ್ನೊಂದಿಲ್ಲ. ಖಾಸಗಿ ಕಂಪನಿಗಳೂ ತಾವು ಹೋಗದ ಕಡೆಯ ಕಟ್ಟನ್ನು ಅಂಚೆಗೆ ಒಪ್ಪಿಸುವುದುಂಟು.

ಮಾರುವವರ ಪಾಡು

ಈ ತಾಲೂಕುಗಳು ಕೊಳ್ಳುವವಷ್ಟೇ ಅಲ್ಲ, ಮಾರುವವೂ ಹೌದು. ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ಅಪ್ಪೆಮಿಡಿ ಉಪ್ಪಿನಕಾಯಿ, ಜೇನು, ತೆಂಗಿನೆಣ್ಣೆ, ಪುನರ್ಪುಳಿ ಸಿರಪ್, ಹಾಳೆತಟ್ಟೆ, ಕಸಿ ಗಿಡ, ಕೈಯಲ್ಲಿ ಹೊಲಿದ ಚೀಲ ಎಲ್ಲವೂ ವಾಟ್ಸಾಪಿನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ, ದೊಡ್ಡ ತಾಣಗಳಲ್ಲಿ ಬೆಂಗಳೂರು, ಮುಂಬೈ, ಪುಣೆಗಳಿಗೆ ಹೋಗುತ್ತವೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘಗಳ ಮಹಿಳೆಯರು ತಯಾರಿಸುವ ವಸ್ತುಗಳಿಗೆ 'ಸಿರಿ' ಸಂಸ್ಥೆ ಮಾರುಕಟ್ಟೆ ಮಾಡಿಕೊಟ್ಟಿದೆ. ಸ್ವಂತವಾಗಿ ಮಾರುವ ಗೃಹಿಣಿಗೆ ಅಂಥ ಬೆನ್ನಾಸರೆ ಇರುವುದಿಲ್ಲ.

ಅವಳಿಗೆ ಮೊದಲು ಎದುರಾಗುವುದು ತೂಕದ ಲೆಕ್ಕ. ಕೊರಿಯರ್ ಕಂಪನಿಗಳು ನಿಜವಾದ ತೂಕ ಮತ್ತು ಗಾತ್ರದ ತೂಕ ಇವೆರಡರಲ್ಲಿ ಹೆಚ್ಚಿನದಕ್ಕೆ ದರ ಹಾಕುತ್ತವೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಗಾತ್ರದ ತೂಕ ಕಿಲೋಗಳಲ್ಲಿ ಬರುತ್ತದೆ. 40 ಸೆಂ.ಮೀ. ಉದ್ದ, 30 ಅಗಲ, 25 ಎತ್ತರದ ಪೆಟ್ಟಿಗೆಯಲ್ಲಿ ಎರಡು ಕಿಲೋ ಹಪ್ಪಳ ತುಂಬಿದರೂ ಅದು 6 ಕಿಲೋ ಎಂದೇ ಲೆಕ್ಕ. ಹಪ್ಪಳ, ಹಾಳೆತಟ್ಟೆ, ಚಿಪ್ಸ್ ಮೂರೂ ಹಗುರ, ಮೂರೂ ಜಾಗ ತಿನ್ನುವವು. ಒತ್ತಿ ತುಂಬಿದರೆ ಹುಡಿಯಾಗುತ್ತವೆ. ಇಲ್ಲಿನ ಮುಖ್ಯ ಉತ್ಪನ್ನಗಳೇ ಈ ಲೆಕ್ಕದಲ್ಲಿ ಸೋಲುವಂಥವು. ಪೆಟ್ಟಿಗೆಯನ್ನು ಒಂದೆರಡು ಅಂಗುಲ ತಗ್ಗಿಸಿದರೆ ಉಳಿಯುವ ಹಣ ಹಪ್ಪಳದ ಲಾಭಕ್ಕಿಂತ ಹೆಚ್ಚಿರಬಹುದು.

ಎರಡನೆಯದು ವಾಪಸ್. ₹300ರ ಹಪ್ಪಳವನ್ನು ಕ್ಯಾಶ್ ಆನ್ ಡೆಲಿವರಿಯಲ್ಲಿ ಕಳಿಸಿ, ಹೋಗುವ ಖರ್ಚು ₹70, ಬರುವ ಖರ್ಚು ₹60 ಎಂದಿಟ್ಟುಕೊಂಡರೆ, ಕೊಂಡವರು ಬೇಡವೆಂದ ಒಂದು ಕಟ್ಟು ₹130ನ್ನು ನುಂಗುತ್ತದೆ. ಹತ್ತು ಹದಿನೈದು ದಿನ ಗೋದಾಮುಗಳಲ್ಲಿ ಅಲೆದು ಮಳೆಗಾಲದಲ್ಲಿ ಹಿಂದೆ ಬಂದ ಹಪ್ಪಳ ಮೆತ್ತಗಾಗಿರುತ್ತದೆ, ಮತ್ತೊಬ್ಬರಿಗೆ ಮಾರಲಾಗದು. ಕಂಪನಿಯ ಕಡೆಯವರೇ ಹೋಗದೆ ಹಿಂದಿರುಗಿಸಿದ್ದಕ್ಕೂ ಈ ಖರ್ಚು ಮಾರಿದವರ ತಲೆಗೇ ಬರುತ್ತದೆ ಎಂಬುದು ಇಡೀ ವ್ಯವಸ್ಥೆಯ ದೊಡ್ಡ ಅನ್ಯಾಯ. ಸುಳ್ಳು ದಾಖಲೆಯಿಂದ ಅದನ್ನು ಬರೆದವರಿಗೆ ನಷ್ಟವಾಗದಿದ್ದರೆ ಅದು ನಿಲ್ಲುವುದಾದರೂ ಹೇಗೆ? ಆದ್ದರಿಂದಲೇ ಮನೆಯಿಂದ ಮಾರುವ ಹಲವರು ಯುಪಿಐಯಲ್ಲಿ ಮೊದಲೇ ಹಣ ಪಡೆದು, ಅಂಚೆಯಲ್ಲೋ ಬಸ್ಸಿನಲ್ಲೋ ಕಳಿಸುವ ಹಾದಿಗೆ ಮರಳಿದ್ದಾರೆ. ಕೊಳ್ಳುವವರಿಗೆ ಅಲ್ಲಿ ಮಾರುವವರ ಮೇಲಿನ ನಂಬಿಕೆ ಬಿಟ್ಟು ಬೇರೆ ಆಧಾರವಿಲ್ಲ.

ಅಂಚೆ ಇಲಾಖೆ ಇಂಥ ಮಾರಾಟಕ್ಕೆ ಕೈಜೋಡಿಸಿದ ಒಳ್ಳೆಯ ಉದಾಹರಣೆ ರಾಜ್ಯದಲ್ಲೇ ಇದೆ. ಕರ್ನಾಟಕ ರಾಜ್ಯ ಮಾವು ಅಭಿವೃದ್ಧಿ ನಿಗಮದ ಜೊತೆಗೂಡಿ 2019ರಿಂದ ಬೆಳೆಗಾರರ ಮಾವಿನ ಪೆಟ್ಟಿಗೆಗಳನ್ನು ಅದು ಬೆಂಗಳೂರಿನ ಮನೆಗಳಿಗೆ ಮುಟ್ಟಿಸಿತು. ಬೇಗ ಹಾಳಾಗುವ ಹಣ್ಣಿಗೆ ಆದದ್ದು ಹಲಸಿನ ಹಪ್ಪಳಕ್ಕೂ ಆಗಬಲ್ಲದು.

ಕಾನೂನು

ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಜಾರಿಗೆ ಬಂದದ್ದು 2020ರ ಜುಲೈ 20ರಂದು. ಅದರ ಅಡಿಯ ಇ-ವಾಣಿಜ್ಯ ನಿಯಮಗಳು ಅದೇ ತಿಂಗಳ 23ರಂದು ಪ್ರಕಟವಾದವು. ಮಾರಾಟ ತಾಣಕ್ಕೆ ದೂರು ಅಧಿಕಾರಿ ಇರಬೇಕು. ದೂರು ಬಂದ 48 ಗಂಟೆಯೊಳಗೆ ಅವರು ಸ್ವೀಕೃತಿ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಹೇಳಿದ ದಿನಕ್ಕಿಂತ ತಡವಾಗಿ ಬಂದ ವಸ್ತುವನ್ನು ಹಿಂಪಡೆಯಲು, ಹಣ ಮರಳಿಸಲು ಮಾರಿದವರು ನಿರಾಕರಿಸುವಂತಿಲ್ಲ. ಘಾಟಿ ಕುಸಿತದಂಥ ಕೈಮೀರಿದ ಕಾರಣಕ್ಕೆ ವಿನಾಯಿತಿ ಇದೆ. ಈ ನಿಯಮ ವಿಟ್ಲದ ಮನೆಯಿಂದ ದೊಡ್ಡ ತಾಣದಲ್ಲಿ ಮಾರುವವರಿಗೂ ಅನ್ವಯಿಸುತ್ತದೆ ಎಂಬುದನ್ನು ಅವರು ತಿಳಿದಿರಬೇಕು.

ಬಗೆಹರಿಯದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳಬಹುದು. ಮುಂದಿನ ಮೆಟ್ಟಿಲು ಮಂಗಳೂರಿನ ಜಿಲ್ಲಾ ಗ್ರಾಹಕ ಆಯೋಗ. ಕಂಪನಿಯ ಕಚೇರಿ ದಿಲ್ಲಿಯಲ್ಲಿದ್ದರೂ ದೂರುದಾರ ತಾನು ವಾಸವಿರುವ ಜಿಲ್ಲೆಯಲ್ಲೇ ದಾವೆ ಹೂಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ₹5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ದೂರು ಸಲ್ಲಿಸುವ ಅವಧಿ ಎರಡು ವರ್ಷ. ವ್ಯಾಪಾರಕ್ಕಾಗಿ ಪಡೆದ ಸೇವೆ ಈ ಕಾಯ್ದೆಯ ಹೊರಗೆ ಉಳಿಯುತ್ತದೆ. ಆದರೂ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ನಡೆಸುವ ವ್ಯಾಪಾರಕ್ಕೆ ಕಾನೂನಿನಲ್ಲಿರುವ ವಿನಾಯಿತಿಯನ್ನು ಹಿಡಿದು ಸಣ್ಣ ಮಾರಾಟಗಾರರು ವಾದಿಸಬಹುದು.

ಕೊರಿಯರ್ ರಶೀದಿಯ ಹಿಂಬದಿಯ ಸಣ್ಣ ಅಕ್ಷರಕ್ಕೆ ಬೆಲೆಯಿದೆ. ಭಾರತಿ ನಿಟ್ಟಿಂಗ್ ಕಂಪನಿ ಮತ್ತು ಡಿಎಚ್‌ಎಲ್ ನಡುವಿನ 1996ರ ಪ್ರಕರಣದಲ್ಲಿ ಜರ್ಮನಿಗೆ ಕಳಿಸಿದ ಕಾಗದಪತ್ರ ತಲಪದೆ ನಷ್ಟವಾದರೂ, ಸಹಿ ಹಾಕಿದ ಒಪ್ಪಂದದಲ್ಲಿದ್ದ 100 ಡಾಲರ್ ಮಿತಿಯನ್ನೇ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಗ್ರಾಹಕನ ಸಹಿಯಿಲ್ಲದ, ಅವನಿಗೆ ತಿಳಿಸದ ಷರತ್ತು ಅವನನ್ನು ಕಟ್ಟಿಹಾಕದು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ ಬೇರೆ ಪ್ರಕರಣಗಳಲ್ಲಿ ಹೇಳಿದ್ದುಂಟು. ಅಂಚೆಯ ವಿಷಯದಲ್ಲಿ 1898ರ ಕಾಯ್ದೆಯ ಬದಲಿಗೆ 2024ರ ಜೂನ್ 18ರಿಂದ ಜಾರಿಯಾದ ಅಂಚೆ ಕಚೇರಿ ಕಾಯ್ದೆ 2023 ಕೂಡ ನಿಯಮದಲ್ಲಿ ಹೇಳಿದಷ್ಟಕ್ಕೆ ಮಾತ್ರ ಇಲಾಖೆಯನ್ನು ಹೊಣೆಯಾಗಿಸುತ್ತದೆ. ಬೆಲೆಬಾಳುವ ವಸ್ತುವಿಗೆ ವಿಮೆ ಮಾಡಿಸದೆ ಕಳಿಸುವುದು ಯಾವ ಮಾರ್ಗದಲ್ಲೂ ಜಾಣತನವಲ್ಲ.

ತಪ್ಪಿದ ಪಾರ್ಸೆಲಿನ ಹೆಸರಿನಲ್ಲಿ ವಂಚನೆಯೂ ಬೆಳೆದಿದೆ. 'ವಿಳಾಸ ಸರಿಯಿಲ್ಲ, ಈ ಲಿಂಕ್ ಒತ್ತಿ ಐದು ರೂಪಾಯಿ ಕಟ್ಟಿ' ಎಂಬ ಸಂದೇಶ, 'ಡೆಲಿವರಿ ಹುಡುಗನ ನಂಬರಿಗೆ ಮೊದಲು *401* ಸೇರಿಸಿ ಡಯಲ್ ಮಾಡಿ' ಎಂಬ ಕರೆ ಎರಡೂ ಮೋಸ. ಎರಡನೆಯದು ನಮ್ಮ ಕರೆಗಳನ್ನು ವಂಚಕರ ಫೋನಿಗೆ ತಿರುಗಿಸುವ ಸಂಕೇತ. ದೂರಸಂಪರ್ಕ ಇಲಾಖೆ ಈ ಸೌಲಭ್ಯವನ್ನೇ 2024ರ ಏಪ್ರಿಲ್ 15ರಿಂದ ನಿಲ್ಲಿಸಲು ಆದೇಶಿಸಿತ್ತು. ಹಣ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು.

ವಿತರಿಸುವವರು

ಗ್ರಾಹಕರ ಸಿಟ್ಟೆಲ್ಲ ಬೀಳುವುದು ಬೈಕಿನ ಹುಡುಗನ ಮೇಲೆ. ಬೈಕು, ಪೆಟ್ರೋಲು, ರೈನ್‌ಕೋಟು, ಮೊಬೈಲ್ ಡೇಟಾ ಎಲ್ಲ ಹೆಚ್ಚಾಗಿ ಅವನದೇ. ಕಟ್ಟು ನೀರಿಗೆ ಬಿದ್ದರೆ, ಕ್ಯಾಶ್ ಆನ್ ಡೆಲಿವರಿಯ ಹಣ ಕಡಿಮೆಯಾದರೆ ಅದನ್ನು ತುಂಬಬೇಕಾದವನೂ ಬಹಳ ಸಲ ಅವನೇ. ಆಷಾಢದ ಮಳೆಯಲ್ಲಿ ಜಾರುವ ಮಣ್ಣುರಸ್ತೆಯಲ್ಲಿ ₹200ರ ಚಪ್ಪಲಿ ತಲಪಿಸಲು ಹೋಗುವವನಿಗೆ ಬಿದ್ದರೆ ನೋಡುವವರು ಯಾರು ಎಂಬ ಪ್ರಶ್ನೆ ಇತ್ತೀಚಿನವರೆಗೂ ಹಾಗೆಯೇ ಉಳಿದಿತ್ತು. ರಾಜ್ಯ ಸರಕಾರ 2023ರ ಬಜೆಟ್ಟಿನಲ್ಲಿ ಗಿಗ್ ಕಾರ್ಮಿಕರಿಗೆ ₹4 ಲಕ್ಷದ ವಿಮೆ ಘೋಷಿಸಿತು. 2025ರಲ್ಲಿ ಬಂದ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆಯಂತೆ ಕಂಪನಿಗಳು ಕಾರ್ಮಿಕರಿಗೆ ಸಲ್ಲಿಸುವ ಮೊತ್ತದ ಶೇ. 1ರಿಂದ 5ರಷ್ಟನ್ನು ಕಲ್ಯಾಣ ನಿಧಿಗೆ ಕಟ್ಟಬೇಕು. ಫ್ರಾಂಚೈಸಿಯ ಕೈಕೆಳಗೆ ದುಡಿಯುವ ತಾಲೂಕು ಕೇಂದ್ರದ ಹುಡುಗರ ಹೆಸರು ಆ ಕಾಯ್ದೆಯಡಿಯ ನೋಂದಣಿಯಲ್ಲಿ ಬರುವಂತೆ ನೋಡಿಕೊಳ್ಳುವುದು ಕಾರ್ಮಿಕ ಇಲಾಖೆಯ ಮುಂದಿನ ಕೆಲಸ. ದೂರದ ಮನೆಗೆ ಹೆಚ್ಚು ದರ, ಸುಳ್ಳು ದಾಖಲೆಗೆ ಕಂಪನಿಗೇ ದಂಡ, ಈ ಎರಡು ಬಂದರೆ ಈ ಭಾಗದ ಅರ್ಧ ದೂರುಗಳು ತಾವಾಗಿ ಇಳಿಯುತ್ತವೆ.

ಅಲ್ಲಿಯವರೆಗೆ ಕೊಳ್ಳುವವರು ಮಾಡಬಹುದಾದದ್ದು ಇಷ್ಟು. ವಿಳಾಸದಲ್ಲಿ ಸರಿಯಾದ ಪಿನ್, ಗ್ರಾಮ, ಅಂಚೆಯ ಹೆಸರಿನ ಜೊತೆ ಎಲ್ಲರಿಗೂ ಗೊತ್ತಿರುವ ಒಂದು ಗುರುತು, ಮನೆಯಲ್ಲಿರುವವರ ಫೋನ್ ಸಂಖ್ಯೆ ಬರೆಯಬೇಕು. ಸಿಗ್ನಲ್ ಇಲ್ಲದ ಮನೆಯವರು ಪೇಟೆಯ ಪರಿಚಿತ ಅಂಗಡಿಯ ವಿಳಾಸವನ್ನು ಅವರ ಒಪ್ಪಿಗೆ ಪಡೆದು ಕೊಡುವುದು ಮೇಲು. ಬರದೆಯೇ 'ಬಂದಿದ್ದೆವು' ಎಂಬ ಸಂದೇಶ ಬಂದ ದಿನವೇ ಅದರ ಚಿತ್ರ ತೆಗೆದಿಟ್ಟು, ಮಾರಾಟ ತಾಣಕ್ಕೆ ಬರಹದಲ್ಲಿ ದೂರು ಕೊಟ್ಟು ಅದರ ಸಂಖ್ಯೆ ಇಟ್ಟುಕೊಳ್ಳಬೇಕು. ಫೋನಿನಲ್ಲಿ ಜಗಳವಾಡಿದ್ದಕ್ಕೆ ಆಯೋಗದ ಮುಂದೆ ಸಾಕ್ಷಿಯಿರುವುದಿಲ್ಲ, ಬರೆದ ದೂರಿಗೆ ಇರುತ್ತದೆ.